ತಾಮ್ರದೂರಿನ ರಂಗಮಂದಿರ

ಅಮೆರಿಕದ ನಕ್ಷೆ ಬಿಡಿಸಿ, ಮೇಲುಗಡೆ ನೀಲಿಯಾಗಿ ಕಾಣುವ ಐದು ದೊಡ್ಡ ಸರೋವರಗಳನ್ನು ಹುಡುಕಿ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸುಪೀರಿಯರ್. ಅದರ ದಕ್ಷಿಣದ ದಡದಿಂದ ನೆಲದ ಒಂದು ತುಂಡು ಮಡಚಿದ ಕಿರುಬೆರಳಿನ ಹಾಗೆ ನೀರೊಳಕ್ಕೆ ಚಾಚಿಕೊಂಡಿದೆ. ಅದು ಮಿಷಿಗನ್ ರಾಜ್ಯದ ಕೀವಿನಾ ಪರ್ಯಾಯದ್ವೀಪ. ಆ ಬೆರಳಿನ ಗೆಣ್ಣಿನ ಹತ್ತಿರ ಕ್ಯಾಲ್ಯುಮೆಟ್ ಎಂಬ ಪುಟ್ಟ ಊರಿದೆ. ಕೆಲವು ವರ್ಷ ಅಲ್ಲಿ ಒಂದೇ ಚಳಿಗಾಲಕ್ಕೆ ಇಪ್ಪತ್ತು ಅಡಿಗೂ ಮೀರಿ ಹಿಮ ಸುರಿಯುತ್ತದೆ. ಅಷ್ಟು ದೂರದ, ಅಷ್ಟು ಚಳಿಯ ಊರಿನಲ್ಲಿ 1900ರ ಮಾರ್ಚ್ 20ರಂದು 1,200 ಆಸನಗಳ ಒಂದು ರಂಗಮಂದಿರದ ಬಾಗಿಲು ತೆರೆಯಿತು. ಹೊರಗೆ ಇನ್ನೂ ಚಳಿಗಾಲ, ಒಳಗೆ ವಿದ್ಯುತ್ ದೀಪಗಳು. ರೆಜಿನಾಲ್ಡ್ ಡಿ ಕೋವೆನ್ ಸಂಗೀತ ರಚಿಸಿದ 'ದಿ ಹೈವೇಮನ್' ಎಂಬ ಹಾಡುನಾಟಕ ಅಂದಿನ ಮೊದಲ ಪ್ರದರ್ಶನ.

ಹಳೆಯ ಕಟ್ಟಡಗಳನ್ನು ನೋಡುವುದು ಹೇಗೆಂದು ಹೊಸದಾಗಿ ಕಲಿಯಲು ಬರುವವರಿಗೆ ನಾನು ಮೊದಲ ಪಾಠಕ್ಕೆ ಈ ರಂಗಮಂದಿರವನ್ನೇ ಆರಿಸಿಕೊಳ್ಳುತ್ತೇನೆ. ಕಂಬ, ಕಮಾನು, ಶೈಲಿ ಎಂದು ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ಇದನ್ನು ಕಟ್ಟಿಸಿದ ದುಡ್ಡು ಯಾರದು? ಕ್ಯಾಲ್ಯುಮೆಟ್ಟಿನಲ್ಲಿ ಈ ಪ್ರಶ್ನೆಯ ಉತ್ತರ ಗೊತ್ತಾದರೆ ಉಳಿದ ಕಥೆಯೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆದರೆ ಮೊದಲು ನೆಲದ ಕೆಳಗೆ ಇಳಿಯೋಣ. ಮಿಷಿಗನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ತಂದುಕೊಟ್ಟ ಒಂದು ತುಣುಕು ನನ್ನ ಮೇಜಿನ ಮೇಲಿದೆ. ಹುಣಸೆಬೀಜಕ್ಕಿಂತ ತುಸು ದೊಡ್ಡದು, ಆದರೆ ಕೈಗೆ ತೆಗೆದುಕೊಂಡರೆ ಅದರ ತೂಕಕ್ಕೆ ಅಚ್ಚರಿಯಾಗುತ್ತದೆ. ಒಂದು ಬದಿಯಲ್ಲಿ ಹಸಿರು ಕಿಲುಬು, ಅವನು ಉಜ್ಜಿದ ಕಡೆ ಹೊಸ ಚೊಂಬಿನ ಕೆಂಪು. ಇದು ಅದಿರಲ್ಲ, ತಾಮ್ರವೇ. ಲೋಕದಲ್ಲಿ ಬಹುತೇಕ ಎಲ್ಲ ಕಡೆ ತಾಮ್ರ ಗಂಧಕದ ಜೊತೆಯೋ ಆಮ್ಲಜನಕದ ಜೊತೆಯೋ ಬೆರೆತು ಅದಿರಾಗಿ ಸಿಗುತ್ತದೆ. ನಮ್ಮ ಚಿತ್ರದುರ್ಗದ ಇಂಗಳದಾಳದಲ್ಲಿ ತೆಗೆದದ್ದೂ ಅಂಥದ್ದೇ. ಕೀವಿನಾದಲ್ಲಿ ಮಾತ್ರ ಅದು ಲೋಹವಾಗಿಯೇ ಬಂಡೆಯ ಸಂದಿಗಳಲ್ಲಿ ಕೂತಿದೆ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಕಲ್ಲಿನ ಸುತ್ತಿಗೆಗಳಿಂದ ಅದನ್ನು ಬಿಡಿಸಿ, ತಟ್ಟಿ, ಆಯುಧ, ಆಭರಣ ಮಾಡಿಕೊಂಡಿದ್ದರು. ಭೂವಿಜ್ಞಾನಿ ಡಗ್ಲಸ್ ಹೌಟನ್ 1841ರಲ್ಲಿ ಈ ತಾಮ್ರದ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟ. ಕೆಲವೇ ವರ್ಷಗಳಲ್ಲಿ ಜನ ಗುಂಪುಗುಂಪಾಗಿ ಬಂದರು. 1864ರಲ್ಲಿ ಎಡ್ವಿನ್ ಹಲ್ಬರ್ಟ್ ಎಂಬಾತ ಕ್ಯಾಲ್ಯುಮೆಟ್ಟಿನ ಅತಿ ಸಮೃದ್ಧವಾದ ತಾಮ್ರದ ಪದರವನ್ನು ಪತ್ತೆಹಚ್ಚಿದ. ಆ ಪದರದ ಮೇಲೆ ಬೆಳೆದದ್ದು ಕ್ಯಾಲ್ಯುಮೆಟ್ ಆಂಡ್ ಹೆಕ್ಲಾ ಕಂಪನಿ. ಷೇರುದಾರರು ಹೆಚ್ಚಾಗಿ ಬಾಸ್ಟನ್ನಿನ ಶ್ರೀಮಂತರು, ಅಧ್ಯಕ್ಷ ಹೆಸರಾಂತ ಪ್ರಾಣಿವಿಜ್ಞಾನಿ ಅಲೆಕ್ಸಾಂಡರ್ ಅಗಾಸಿ. 1870ರ ದಶಕದಲ್ಲಿ ಅಮೆರಿಕದ ತಾಮ್ರದ ಸುಮಾರು ಅರ್ಧ ಪಾಲನ್ನು ಈ ಒಂದು ಕಂಪನಿಯೇ ತೆಗೆಯುತ್ತಿತ್ತು.

ಗುಂಡಿಗಿಳಿದವರು ಯಾರು? ಮೊದಲು ಬಂದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು ಮುಖ್ಯರು. ಅಲ್ಲಿನ ತಾಮ್ರ, ತವರದ ಗಣಿಗಳು ಸೋತಾಗ ಗಣಿ ಕೆಲಸ ಬಿಟ್ಟರೆ ಬೇರೆ ಗೊತ್ತಿರದ ಆ ಜನ ಲೋಕವೆಲ್ಲ ಚದುರಿದರು. ಕನ್ನಡಿಗರಿಗೆ ಇವರು ಹೊಸಬರಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಯನ್ನು ಕೈಗೆತ್ತಿಕೊಂಡಾಗ ಗುಂಡಿಯ ಮೇಲ್ವಿಚಾರಣೆಗೆ ಬಂದ ಕ್ಯಾಪ್ಟನ್ನರೂ ಕಾರ್ನ್‌ವಾಲಿನವರೇ. ಒಂದೇ ಮನೆಯ ಅಣ್ಣ ಕೀವಿನಾಕ್ಕೂ ತಮ್ಮ ಕೆಜಿಎಫ್‌ಗೂ ಹೋದ ಕಾಲ ಅದು ಎಂದು ನೀವು ಊಹಿಸಿಕೊಂಡರೆ ತಪ್ಪಾಗದು. ಕಾರ್ನ್‌ವಾಲಿನವರ ಹಿಂದೆಯೇ ಫಿನ್‌ಲ್ಯಾಂಡಿನವರು, ಇಟಲಿಯವರು, ಕ್ರೊಯೇಷಿಯಾ ಮತ್ತು ಸ್ಲೊವೇನಿಯಾದವರು ಬಂದರು. ಒಂದೊಂದು ಜನಕ್ಕೂ ಒಂದೊಂದು ಚರ್ಚು, ಒಂದೊಂದು ಸಭಾಭವನ, ಒಂದೊಂದು ಭಾಷೆಯ ಪತ್ರಿಕೆ.

ಈಗ ಊರಿನ ನಕ್ಷೆ ನೋಡಿ. ಶಾಫ್ಟ್‌ಗಳು ಕಂಪನಿಯವು. ಕಾರ್ಮಿಕರ ಮನೆಗಳಲ್ಲಿ ಬಹಳಷ್ಟು ಕಂಪನಿಯವು. ಚರ್ಚುಗಳಿಗೆ ಜಾಗ ಕೊಟ್ಟದ್ದು, ಆಸ್ಪತ್ರೆ ನಡೆಸಿದ್ದು, 1898ರಲ್ಲಿ ಒಳ್ಳೆಯ ಗ್ರಂಥಾಲಯ ಕಟ್ಟಿಸಿ ಅದರ ನೆಲಮಾಳಿಗೆಯಲ್ಲಿ ಸ್ನಾನದ ಮನೆ ಇಟ್ಟದ್ದು, ಎಲ್ಲವೂ ಕಂಪನಿಯೇ. ಕೊಡುಗೈಯೇ ಸರಿ, ಆದರೆ ಕೊಟ್ಟದ್ದನ್ನು ಕಸಿದುಕೊಳ್ಳುವ ಹಕ್ಕೂ ಆ ಕೈಯಲ್ಲೇ ಇತ್ತು. ಈ ಗಣಿಗಳ ನಡುವೆ ಕೆಲವೇ ಬೀದಿಗಳ ಒಂದು ಪೇಟೆ ಇತ್ತು. ಅದರ ಹೆಸರು ರೆಡ್ ಜಾಕೆಟ್. 1875ರಲ್ಲಿ ಅದಕ್ಕೆ ತನ್ನದೇ ಪಂಚಾಯಿತಿ ಬಂದಿತ್ತು. ಅಂಗಡಿ, ಬ್ಯಾಂಕು, ಹೋಟೆಲು, ಬಾರು ಎಲ್ಲ ಇದ್ದದ್ದು ಅಲ್ಲಿ. ಇಂದು ನಾವು ಕ್ಯಾಲ್ಯುಮೆಟ್ ಎಂದು ಕರೆಯುವುದು ಈ ಪೇಟೆಯನ್ನೇ. ಹೆಸರು ಅಧಿಕೃತವಾಗಿ ಬದಲಾದದ್ದು 1929ರಲ್ಲಿ.

ರೆಡ್ ಜಾಕೆಟ್ ಪೇಟೆಗೆ 1880ರ ದಶಕದಲ್ಲೇ ಒಂದು ಪುರಭವನವಿತ್ತು. 1898ರ ಹೊತ್ತಿಗೆ ತಾಮ್ರದ ಬೆಲೆ ಏರಿತ್ತು, ಪೇಟೆಯ ತಿಜೋರಿ ತುಂಬಿತ್ತು. ಬಾರುಗಳ ಲೈಸೆನ್ಸಿನ ದುಡ್ಡೇ ಅದರಲ್ಲಿ ದೊಡ್ಡ ಪಾಲು. ಉಳಿದ ಹಣವನ್ನು ಏನು ಮಾಡುವುದೆಂದು ಪಂಚಾಯಿತಿ ಸದಸ್ಯರು ಕೂತು ಯೋಚಿಸಿದಾಗ ತೆಗೆದುಕೊಂಡ ತೀರ್ಮಾನ, ಪುರಭವನಕ್ಕೆ ಒಂದು ಆಪೆರಾ ಹೌಸ್ ಸೇರಿಸಿ ಕಟ್ಟುವುದು. ಖರ್ಚು ಸುಮಾರು 70,000 ಡಾಲರ್. ಹಗಲಿಡೀ ಕತ್ತಲಲ್ಲಿ ತಾಮ್ರ ಒಡೆದು ಬಂದವರು ಸಂಜೆ ಗಂಟಲು ತಣಿಸಿಕೊಳ್ಳಲು ಕೊಟ್ಟ ಪುಡಿಗಾಸು ಹೀಗೆ ಸುತ್ತಿ ಬಳಸಿ ರಂಗಮಂದಿರವಾಯಿತು. ನಾನು ಕೇಳಿದ ಪ್ರಶ್ನೆಗೆ ಉತ್ತರ ಇದು. ಆ ಊರಿನಲ್ಲಿ ಕಂಪನಿ ಕೊಟ್ಟದ್ದಲ್ಲದೆ ಜನ ತಾವೇ ಕಟ್ಟಿಕೊಂಡ ಅತಿ ದೊಡ್ಡ ಸೊತ್ತುಗಳಲ್ಲಿ ಅದೊಂದು.

'ಆಪೆರಾ ಹೌಸ್' ಎಂಬ ಹೆಸರನ್ನು ಕೇಳಿ ಅಲ್ಲಿ ದಿನವೂ ಆಪೆರಾ ಹಾಡುತ್ತಿದ್ದರೆಂದು ತಿಳಿಯಬೇಡಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಚರ್ಚಿಗೆ ನಡೆದುಕೊಳ್ಳುವ ಸಂಪ್ರದಾಯಸ್ಥರಿಗೆ 'ಥಿಯೇಟರ್' ಎಂದರೆ ಕೊಂಚ ಮೈಲಿಗೆ. ನಾಟಕದವರೆಂದರೆ ನಮ್ಮಲ್ಲೂ ಮನೆ ಬಾಡಿಗೆಗೆ ಕೊಡದ ಕಾಲವೊಂದಿತ್ತಲ್ಲ, ಹಾಗೆ. 'ಆಪೆರಾ ಹೌಸ್' ಎಂದರೆ ಮರ್ಯಾದೆಯ ಹೆಸರು, ಹೆಂಡತಿ ಮಕ್ಕಳ ಜೊತೆ ಹೋಗಬಹುದು. ಹೀಗಾಗಿ ಗಣಿ ಊರುಗಳಲ್ಲಿ ದುಡ್ಡು ಬಂದ ಕೂಡಲೇ ಒಂದು ಆಪೆರಾ ಹೌಸ್ ಎದ್ದು ನಿಲ್ಲುತ್ತಿತ್ತು. ಕೊಲರಾಡೊದ ಚಿನ್ನದೂರು ಸೆಂಟ್ರಲ್ ಸಿಟಿಯಲ್ಲಿ 1878ರಲ್ಲಿ, ಬೆಳ್ಳಿಯೂರು ಲೆಡ್‌ವಿಲ್‌ನಲ್ಲಿ 1879ರಲ್ಲಿ. ಗಣಿ ಇಂದು ಇದ್ದು ನಾಳೆ ಬರಿದಾಗುವಂಥದ್ದು. ಡೇರೆಯಲ್ಲ, ಕಲ್ಲುಕಟ್ಟಡದ ರಂಗಮಂದಿರ ಕಟ್ಟಿದ ಊರು ತಾನು ಇಲ್ಲೇ ನೆಲೆನಿಲ್ಲುತ್ತೇನೆಂದು ಹೇಳಿಕೊಂಡಂತೆ.

ಇನ್ನು ಕಟ್ಟಡದ ಮುಂದೆ ನಿಲ್ಲೋಣ. ಆರನೆಯ ಬೀದಿಗೆ ಮುಖ ಮಾಡಿ ನಿಂತಿರುವ ಇದರ ವಾಸ್ತುಶಿಲ್ಪಿ ಚಾರ್ಲ್ಸ್ ಕೆ. ಷಾಂಡ್. ಶೈಲಿಯನ್ನು ಪುಸ್ತಕಗಳು ರಿನೈಸಾನ್ಸ್ ರಿವೈವಲ್ ಎನ್ನುತ್ತವೆ, ಅಂದರೆ ಇಟಲಿಯ ಹಳೆಯ ಅರಮನೆಗಳ ಮಾದರಿಯನ್ನು ಮತ್ತೆ ತಂದದ್ದು. ಹೆಸರಿಗೆ ಹೆದರಬೇಕಿಲ್ಲ, ಕಣ್ಣಿಗೆ ಕಾಣುವುದನ್ನು ಹಿಡಿಯಿರಿ. ಕೆಳಗೆ ಗಟ್ಟಿಯಾದ ಕೆಂಪು ಕಲ್ಲು, ದುಂಡು ಕಮಾನುಗಳು; ಮೇಲೆ ತಿಳಿಬಣ್ಣದ ಇಟ್ಟಿಗೆ; ಅದರ ಮೇಲೆ ಚಾಚಿದ ಸೂರಂಚು; ಎಲ್ಲಕ್ಕೂ ಮೇಲೆ ಒಂದು ಗೋಪುರ. ಕೆಳಗೆ ಭಾರ, ಮೇಲಕ್ಕೆ ಹೋದಂತೆ ಹಗುರ, ಬಲಿಷ್ಠನೊಬ್ಬ ಕಾಲು ಅಗಲಿಸಿ ನಿಂತ ಹಾಗೆ. ಗೋಪುರ ರಂಗಮಂದಿರಕ್ಕೆ ಬೇಕಾದುದಲ್ಲ, ಪುರಭವನಕ್ಕೆ ಬೇಕಾದುದು. ಎರಡೂ ಒಂದೇ ಸೂರಿನಡಿ ಇವೆಯೆಂದು ಬೀದಿಯಲ್ಲಿ ನಿಂತವನಿಗೆ ಆ ಗೋಪುರವೇ ಹೇಳುತ್ತದೆ.

ಆ ಕೆಂಪು ಕಲ್ಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅದು ಜೇಕಬ್ಸ್‌ವಿಲ್ ಮರಳುಗಲ್ಲು. ಪರ್ಯಾಯದ್ವೀಪದ ತಪ್ಪಲಲ್ಲೇ, ಸರೋವರದ ದಡದಲ್ಲಿ ಅದರ ಕ್ವಾರಿಗಳಿದ್ದವು. ಕೋಟಿಗಟ್ಟಲೆ ವರ್ಷಗಳ ಹಿಂದೆ ನದಿಗಳು ತಂದು ಸುರಿದ ಮರಳು ಗಟ್ಟಿಯಾಗಿ ಕಲ್ಲಾದದ್ದು, ಕಬ್ಬಿಣದ ಅಂಶದಿಂದ ಕೆಂಪಾದದ್ದು. ಎಲ್ಲೋ ಒಂದೆಡೆ ಕಬ್ಬಿಣ ತೊಳೆದುಹೋಗಿ ಬಿಳಿ ಮಚ್ಚೆ, ಬಿಳಿ ಗೆರೆ ಉಳಿದಿರುತ್ತವೆ. ಕೆಂಪು ಸೀರೆಗೆ ಸುಣ್ಣದ ಹನಿ ಸಿಡಿದಂತೆ ಕಾಣುವ ಆ ಮಚ್ಚೆಗಳಿಂದಲೇ ಈ ಕಲ್ಲನ್ನು ಗುರುತು ಹಿಡಿಯಬಹುದು. ಉಳಿ ಹಾಕಲು ಸುಲಭ, ಬೆಂಕಿಗೆ ಅಂಜದು, ಹಡಗಿಗೆ ಏರಿಸಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ನ್ಯೂಯಾರ್ಕಿನ ಮೊದಲ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿಗೂ ಇದೇ ಕಲ್ಲು ಹೋಗಿತ್ತು. ದೊಡ್ಡ ಪಟ್ಟಣದವರು ತರಿಸಿಕೊಂಡ ಕಲ್ಲು ಕ್ಯಾಲ್ಯುಮೆಟ್ಟಿನವರಿಗೆ ಮನೆಬಾಗಿಲ ಕಲ್ಲು.

ಒಳಗೆ ಹೋಗೋಣ. ಮಂದಿರದಲ್ಲಿ ಕೂರುವ ಜಾಗ ಮೂರು ಹಂತ: ಕೆಳಗಿನ ನೆಲ, ಅದರ ಮೇಲೆ ಒಂದು ಬಾಲ್ಕನಿ, ಅದರ ಮೇಲೆ ಇನ್ನೊಂದು. ಅಲಂಕಾರದ ಬಣ್ಣಗಳು ಕಡುಗೆಂಪು, ದಂತದ ಬಿಳಿ, ಹಸಿರು, ಹೊಂಬಣ್ಣ. ನಮ್ಮ ಕಂಪನಿ ನಾಟಕಗಳ ಡೇರೆಯಲ್ಲಿ ಸೋಫಾ, ಕುರ್ಚಿ, ಬೆಂಚು, ನೆಲ ಎಂದು ತರಗತಿಗಳು ಅಡ್ಡಡ್ಡಲಾಗಿ, ಮುಂದೆ ಹಿಂದೆ ಇರುತ್ತಿದ್ದವು. ಇಂಥ ರಂಗಮಂದಿರಗಳಲ್ಲಿ ತರಗತಿಗಳು ಮೆಟ್ಟಿಲು ಹತ್ತುತ್ತವೆ: ಅಗ್ಗದ ಟಿಕೆಟ್ಟಿನವನು ಎಲ್ಲರಿಗಿಂತ ಮೇಲೆ. ಆ ಕಾಲದ ಬಹಳಷ್ಟು ರಂಗಮಂದಿರಗಳಲ್ಲಿ ಮೇಲಿನ ಗ್ಯಾಲರಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಇರುತ್ತಿತ್ತು. ಬೂಟಿಗೆ ಮಣ್ಣು ಮೆತ್ತಿದವನು ರೇಷ್ಮೆಯ ಉಡುಪಿನವಳಿಗೆ ಎದುರಾಗದಿರಲೆಂದು. ನೀವು ಯಾವ ಹಳೆಯ ರಂಗಮಂದಿರಕ್ಕೇ ಹೋಗಿ, ಮೊದಲು ಮೆಟ್ಟಿಲುಗಳನ್ನು ಎಣಿಸಿ, ಯಾವ ಮೆಟ್ಟಿಲು ಯಾರನ್ನು ಎಲ್ಲಿಗೆ ಒಯ್ಯುತ್ತದೆಂದು ನೋಡಿ. ಆ ಊರಿನ ಸಮಾಜದ ಚಿತ್ರ ಅಲ್ಲೇ ಸಿಗುತ್ತದೆ.

ಆದರೆ ಮೇಲೆ ಕೂತವನಿಗೆ ಒಂದು ಲಾಭವಿತ್ತು, ಮಾತು ಮತ್ತು ಹಾಡು ಅವನಿಗೂ ಸ್ಪಷ್ಟವಾಗಿ ಕೇಳಬೇಕಿತ್ತು. ಮೈಕಿಲ್ಲದ ಕಾಲ. ಆದ್ದರಿಂದ ಬಾಲ್ಕನಿಗಳು ಹಿಂದೆ ಹಿಂದೆ ಹೋಗದೆ ಒಂದರ ಮೇಲೊಂದು ಎದ್ದವು. ಎಲ್ಲರೂ ರಂಗಕ್ಕೆ ಹತ್ತಿರವಾಗಲು ಇದ್ದ ಉಪಾಯ ಅದೊಂದೇ. ಕೂತವರ ಮುಂದೆ ದೊಡ್ಡ ಚೌಕಟ್ಟು, ಅದಕ್ಕೆ ಪ್ರೊಸೀನಿಯಂ ಎನ್ನುತ್ತಾರೆ. ಮನೆಯ ತಲೆಬಾಗಿಲಿನ ಹಾಗೆ ಅದು ನೋಡುವವರ ಲೋಕಕ್ಕೂ ಆಡುವವರ ಲೋಕಕ್ಕೂ ನಡುವಿನ ಹೊಸ್ತಿಲು. ಅದರ ಆಚೆ ಪರದೆ, ಎರಡು ಕಡೆ ಸೈಡ್‌ವಿಂಗುಗಳು. ನಮ್ಮ ವೃತ್ತಿ ಕಂಪನಿಗಳು ಕಾಡು, ದರ್ಬಾರು, ಬೀದಿ ಎಂದು ಬರೆಸುತ್ತಿದ್ದ ಪರದೆಗಳನ್ನು ನೆನಪಿಸಿಕೊಂಡರೆ ಈ ರಂಗದ ಕೆಲಸ ನಿಮಗೆ ತಾನಾಗಿ ಅರ್ಥವಾಗುತ್ತದೆ. ಕ್ಯಾಲ್ಯುಮೆಟ್ಟಿನ ಚೌಕಟ್ಟಿನ ಮೇಲೆ ಐದು ಸ್ತ್ರೀರೂಪಗಳ ಚಿತ್ರಗಳಿವೆ: ನಾಟಕ, ಸಂಗೀತ, ಕಾವ್ಯ, ಚಿತ್ರಕಲೆ, ಶಿಲ್ಪ. ಇಂಗ್ಲಿಷ್ ಬಾರದ ಫಿನ್‌ಲ್ಯಾಂಡಿನ ಗಣಿಯಾಳು ಕೂಡ ಪರದೆ ಏಳುವ ತನಕ ಆ ಐವರನ್ನು ನೋಡುತ್ತ ಕೂರಬಹುದಿತ್ತು.

ಪರದೆ ಎದ್ದಾಗ ಬಂದವರು ಸಾಮಾನ್ಯರಲ್ಲ. ದೊಡ್ಡ ಪಟ್ಟಣಗಳ ನಾಟಕ ಮಂಡಳಿಗಳು ಇಡೀ ಸಾಮಾನಿನೊಂದಿಗೆ ರೈಲಿನಲ್ಲಿ ಊರೂರು ಸುತ್ತುತ್ತಿದ್ದ ದಿನಗಳು ಅವು. ಎಲ್ಲಿ ಸಂಬಳದ ದಿನ ದೊಡ್ಡದೋ ಅಲ್ಲಿಗೆ ಅವರ ದಾರಿ. ಪೋಲೆಂಡಿನಿಂದ ಬಂದು ಅಮೆರಿಕದಲ್ಲಿ ಷೇಕ್ಸ್‌ಪಿಯರನ ನಾಯಕಿಯರಾಗಿ ಹೆಸರು ಮಾಡಿದ ಹೆಲೆನಾ ಮೊಜೆಸ್ಕಾ ಇಲ್ಲಿ ಅಭಿನಯಿಸಿದಳು. ಫ್ರಾನ್ಸಿನ ಸಾರಾ ಬರ್ನಾರ್ ಬಂದಳು. ಜಾನ್ ಫಿಲಿಪ್ ಸೂಸಾ ತನ್ನ ಬ್ಯಾಂಡನ್ನು ಕರೆತಂದ. ಆಮೇಲೆ ಮೂಕಿ ಚಿತ್ರಗಳಲ್ಲಿ ಲೋಕಪ್ರಸಿದ್ಧರಾದ ಡಗ್ಲಸ್ ಫೇರ್‌ಬ್ಯಾಂಕ್ಸ್, ಲಾನ್ ಚಾನಿ ಇಬ್ಬರೂ ಈ ರಂಗದ ಮೇಲೆ ನಿಂತಿದ್ದಾರೆ. ಬರ್ನಾರ್ ಫ್ರೆಂಚಿನಲ್ಲೇ ಆಡುತ್ತಿದ್ದವಳು. ಹತ್ತಾರು ಭಾಷೆಗಳ ಊರಿನಲ್ಲಿ ಅದೊಂದು ಕೊರತೆಯಾಗಿ ಕಂಡಿರಲಾರದು; ಭಾಷೆ ಬಾರದೆ ನಾಟಕ ನೋಡುವುದು ಅಲ್ಲಿನ ಬಹಳ ಜನಕ್ಕೆ ಅಭ್ಯಾಸವಾಗಿಹೋಗಿತ್ತು.

ಈಗ ಹೇಳಬೇಕಾದ ಭಾಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ದನಿ ತಗ್ಗುತ್ತದೆ. ಅದಕ್ಕೆ ಮೊದಲು ಒಂದು ಹಿನ್ನೆಲೆ. 1903ರ ಡಿಸೆಂಬರ್ 30ರಂದು ಷಿಕಾಗೊದ ಇರೊಕ್ವಾ ಥಿಯೇಟರಿನಲ್ಲಿ ಹಗಲಿನ ಆಟ ನಡೆಯುತ್ತಿದ್ದಾಗ ಬೆಂಕಿ ಹೊತ್ತಿ 600ಕ್ಕೂ ಹೆಚ್ಚು ಜನ ಸತ್ತರು. ಬೀಗ ಹಾಕಿದ್ದ ಬಾಗಿಲುಗಳು, ತೆರೆಯುವುದು ಹೇಗೆಂದು ತಿಳಿಯದ ಚಿಲಕಗಳು, ಪೂರ್ತಿ ಇಳಿಯದ ಬೆಂಕಿತಡೆ ಪರದೆ. ಇಂದು ಸಿನಿಮಾ ಮಂದಿರಗಳಲ್ಲಿ ಮೈತಾಗಿಸಿ ತಳ್ಳಿದರೆ ಹೊರಕ್ಕೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲುಗಳಿರುತ್ತವಲ್ಲ, ಅವು ಬಳಕೆಗೆ ಬಂದದ್ದು ಆ ದುರಂತದ ಬಳಿಕ. ಅಂದಿನಿಂದ ತುಂಬಿದ ಸಭಾಂಗಣದಲ್ಲಿ 'ಬೆಂಕಿ' ಎಂಬ ಒಂದು ಮಾತು ಸಾಕಿತ್ತು, ಜನ ಎದ್ದು ಓಡಲು.

ಹತ್ತು ವರ್ಷ ಕಳೆಯಿತು. 1913ರ ಜುಲೈ 23ರಂದು ಕೀವಿನಾದ ಗಣಿಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಎಂಟು ಗಂಟೆಯ ಕೆಲಸ, ದಿನಕ್ಕೆ ಕನಿಷ್ಠ 3 ಡಾಲರ್ ಕೂಲಿ, ಸಂಘಕ್ಕೆ ಮಾನ್ಯತೆ, ಇವು ಬೇಡಿಕೆಗಳು. ಎಲ್ಲಕ್ಕಿಂತ ದೊಡ್ಡ ಕಿಚ್ಚು ಹೊಸ ಡ್ರಿಲ್ ಯಂತ್ರದ್ದು. ಮೊದಲು ಇಬ್ಬರು ಸೇರಿ ನಡೆಸುತ್ತಿದ್ದ ಯಂತ್ರದ ಜಾಗಕ್ಕೆ ಒಬ್ಬನೇ ನಡೆಸುವಂಥದ್ದು ಬಂತು. ಒಬ್ಬನ ಕೆಲಸ ಹೋಯಿತೆಂಬುದಷ್ಟೇ ಅಲ್ಲ, ಗುಂಡಿಯಲ್ಲಿ ಕಲ್ಲು ಬಿದ್ದರೆ ಉಳಿದೊಬ್ಬನ ಕೂಗು ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಕಾರ್ಮಿಕರು ಅದನ್ನು ವಿಧವೆಯರನ್ನು ಮಾಡುವ ಯಂತ್ರವೆಂದು ಕರೆದರು. ಕಂಪನಿ ಬಗ್ಗಲಿಲ್ಲ. ಚಳಿಗಾಲ ಬಂತು.

ಡಿಸೆಂಬರ್ 24ರಂದು ಮುಷ್ಕರನಿರತರ ಮಕ್ಕಳಿಗಾಗಿ ಸಂಘದ ಹೆಂಗಸರು ಕ್ರಿಸ್‌ಮಸ್ ಕೂಟ ಏರ್ಪಡಿಸಿದರು. ಜಾಗ ಇಟಾಲಿಯನ್ ಹಾಲ್, ಇಟಲಿಯವರ ಪರಸ್ಪರ ಸಹಾಯ ಸಂಘದ ಕಟ್ಟಡ, ರಂಗಮಂದಿರದಿಂದ ಒಂದೇ ಬೀದಿ ಆಚೆ. ಸಭಾಂಗಣ ಮಹಡಿಯ ಮೇಲೆ. ನೂರಾರು ಜನ ಸೇರಿದ್ದರು, ಮಕ್ಕಳು ಮಿಠಾಯಿಗಾಗಿ ಸಾಲು ನಿಂತಿದ್ದರು. ಯಾರೋ 'ಬೆಂಕಿ' ಎಂದು ಕೂಗಿದರು. ಬೆಂಕಿ ಇರಲಿಲ್ಲ. ಕೂಗಿದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಜನ ಮುಖ್ಯ ಮೆಟ್ಟಿಲಿಗೆ ನುಗ್ಗಿದರು. ಮುಂದಿದ್ದವರು ಮುಗ್ಗರಿಸಿದರು, ಹಿಂದಿದ್ದವರು ಅವರ ಮೇಲೆ ಬಿದ್ದರು, ಅವರ ಮೇಲೆ ಇನ್ನಷ್ಟು ಜನ. ಕನಿಷ್ಠ 73 ಮಂದಿ ಆ ಮೆಟ್ಟಿಲಲ್ಲೇ ಉಸಿರುಕಟ್ಟಿ ಸತ್ತರು. ಅವರಲ್ಲಿ 59 ಮಕ್ಕಳು. ಬಹುಪಾಲು ಫಿನ್‌ಲ್ಯಾಂಡಿನ ಮನೆಗಳವರು.

ಆ ಶವಗಳನ್ನು ತಂದು ಮಲಗಿಸಿದ್ದು ಎಲ್ಲಿ? ಊರಿನವರದೇ ಆದ, ಎಲ್ಲರಿಗೂ ಬಾಗಿಲು ತೆರೆದಿರುವ ದೊಡ್ಡ ಜಾಗ ಒಂದೇ ಇತ್ತು. ಪುರಭವನ ಮತ್ತು ರಂಗಮಂದಿರದ ಈ ಕಟ್ಟಡವೇ ಶವಾಗಾರವಾಯಿತು. ಹೆತ್ತವರು ಬಂದು ಸಾಲುಸಾಲಾಗಿ ಮಲಗಿಸಿದ್ದ ಮಕ್ಕಳಲ್ಲಿ ತಮ್ಮವರನ್ನು ಹುಡುಕಿದರು. ನಕ್ಕು ಹಗುರಾಗಲೆಂದು ಜನ ತಮ್ಮ ದುಡ್ಡಿನಿಂದ ಕಟ್ಟಿಕೊಂಡ ಸೂರಿನಡಿ ಅವರು ಅತ್ತದ್ದೂ ಆಯಿತು. ಮುಷ್ಕರ 1914ರ ಏಪ್ರಿಲಿನಲ್ಲಿ ಸೋಲಿನಲ್ಲಿ ಮುಗಿಯಿತು. ಜನಗಾಯಕ ವುಡಿ ಗತ್ರಿ ಈ ದುರಂತದ ಮೇಲೆ ಹಾಡು ಕಟ್ಟಿದ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಮೊದಲ ಮಹಾಯುದ್ಧದ ನಂತರ ತಾಮ್ರದ ಬೆಲೆ ಕುಸಿದು ಜನ ಡೆಟ್ರಾಯಿಟ್ ಮುಂತಾದ ಕಡೆಗೆ ಕೆಲಸ ಹುಡುಕಿಕೊಂಡು ಹೋದರು. ಸುತ್ತಾಡುವ ಮಂಡಳಿಗಳು ನಿಂತುಹೋಗಿ ರಂಗಮಂದಿರ ದಶಕಗಳ ಕಾಲ ಸಿನಿಮಾ ಟಾಕೀಸಾಯಿತು. ನಾಟಕ ಮರಳಿದ್ದು 1958ರ ಸುಮಾರಿಗೆ. ಆ ಬೇಸಿಗೆ ಮಾತು ಮರೆತು ನಿಂತ ನಟಿಯೊಬ್ಬಳಿಗೆ ಎಂದೋ ತೀರಿಕೊಂಡಿದ್ದ ಮೊಜೆಸ್ಕಾ ಬಾಲ್ಕನಿಯಿಂದ ಮಾತು ಹೇಳಿಕೊಟ್ಟಳೆಂದು ಊರಿನವರು ಇಂದಿಗೂ ಹೇಳುತ್ತಾರೆ. ದೆವ್ವದ ಕಥೆ ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಒಬ್ಬ ಕಲಾವಿದೆಯನ್ನು ಅರ್ಧ ಶತಮಾನದ ನಂತರವೂ ಊರು ಹೀಗೆ ಮನೆಮಗಳಂತೆ ಉಳಿಸಿಕೊಂಡದ್ದು ನನಗೆ ದೊಡ್ಡದೆನಿಸುತ್ತದೆ. 1968ರಲ್ಲಿ ಇನ್ನೊಂದು ಮುಷ್ಕರ ನಡೆದು ಕಂಪನಿ ಗಣಿಗಳನ್ನು ಶಾಶ್ವತವಾಗಿ ಮುಚ್ಚಿತು. ಕೆಜಿಎಫ್‌ನಲ್ಲಿ 2001ರ ಫೆಬ್ರವರಿಯಲ್ಲಿ ಗುಂಡಿ ಮುಚ್ಚಿದಾಗ ಸೈನೈಡ್ ದಿಬ್ಬಗಳ ಕೆಳಗಿನ ಲೈನು ಮನೆಗಳಲ್ಲಿ ಏನಾಯಿತೆಂದು ಕಂಡವರಿಗೆ ಕ್ಯಾಲ್ಯುಮೆಟ್ಟಿನ ಆ ದಿನಗಳನ್ನು ನಾನು ವಿವರಿಸಬೇಕಾಗಿಲ್ಲ. ಆದರೂ ಗಣಿ ಮುಚ್ಚಿ ಏಳೇ ವರ್ಷಕ್ಕೆ, 1975ರಲ್ಲಿ, ಊರಿನವರು ಸಭಾಂಗಣವನ್ನು ಜೀರ್ಣೋದ್ಧಾರ ಮಾಡಿದರು. 1980ರ ದಶಕದ ಕೊನೆಗೆ ಹೊರಗೋಡೆಗಳ ಕೆಲಸ ಮುಗಿಯಿತು. 1992ರಲ್ಲಿ ಊರಿನ ಸುತ್ತ ಕೀವಿನಾ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ರೂಪುಗೊಂಡಿತು. ಇಂದು ಸುಮಾರು 700 ಆಸನಗಳ ಮಂದಿರದಲ್ಲಿ ನಾಟಕ, ಸಂಗೀತ ಕಛೇರಿ ನಡೆಯುತ್ತಲೇ ಇವೆ.

ನೀವೆಂದಾದರೂ ಅತ್ತ ಹೋದರೆ ಬೇಸಿಗೆಯಲ್ಲಿ ಹೋಗಿ. ಆಟ ಮುಗಿದು ಹೊರಬಂದ ಮೇಲೆ ಎಲ್ಮ್ ಬೀದಿ ಹಿಡಿದು ಏಳನೆಯ ಬೀದಿಯ ತನಕ ನಡೆಯಿರಿ, ಐದು ನಿಮಿಷವೂ ಆಗದು. ಇಟಾಲಿಯನ್ ಹಾಲ್ 1984ರಲ್ಲಿ ನೆಲಸಮವಾಯಿತು. ಅದರ ಬಾಗಿಲ ಕಮಾನನ್ನು ಮಾತ್ರ ಜನ ಹಟ ಹಿಡಿದು ಉಳಿಸಿಕೊಂಡಿದ್ದಾರೆ; ಹಿಂದೆ ಗೋಡೆಯಿಲ್ಲ, ಮೆಟ್ಟಿಲಿಲ್ಲ, ಹುಲ್ಲಿನ ನಡುವೆ ಒಂಟಿ ಕಮಾನು. ಅದೂ ಕೆಂಪು ಮರಳುಗಲ್ಲಿನದೇ.